ಚಾರ್ಟು ಗೋಡೆಯಿಂದ ಇಳಿಸಿ, ಮೊದಲು ಸಣ್ಣವನನ್ನು ಕೂರಿಸಿಕೊಳ್ಳಿ

ಮನೆಪಾಠ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕ್ಕಾ, ನಾವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ತೋಟದ ಮನೆಯವರು. ಈ ಜೂನ್‌ನಿಂದ ಮೂರು ಮಕ್ಕಳಿಗೂ ಮನೆಯಲ್ಲೇ ಪಾಠ. ಮಗಳಿಗೆ 11, ಮಗನಿಗೆ 8, ಸಣ್ಣವನಿಗೆ 4. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಮುಕ್ಕಾಲು ಗಂಟೆಯ ಪಿರಿಯಡ್ ಮಾಡಿ, ಮೂವರಿಗೂ ಬೇರೆ ಬೇರೆ ಬಣ್ಣದಲ್ಲಿ ಬರೆದು, ಚಾರ್ಟು ಗೋಡೆಗೆ ಅಂಟಿಸಿದ್ದೇನೆ. ಹತ್ತು ಗಂಟೆಗೇ ಎಲ್ಲ ಅಡಿಮೇಲು. ಮಗನಿಗೆ ಲೆಕ್ಕ ಹೇಳಿಕೊಡುವಾಗ ಸಣ್ಣವ ಮೈಮೇಲೆ ಹತ್ತುತ್ತಾನೆ. ಮಗಳು ‘ಅಮ್ಮಾ, ಇನ್ನು ಎಂತ ಮಾಡ್ಲಿ’ ಎಂದು ಕಾಯುತ್ತಾ ಕೂರುತ್ತಾಳೆ. ಮಧ್ಯಾಹ್ನದ ಅಡುಗೆ ದಿನವೂ ತಡ. ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ. ಸಂಜೆಗೆ ಬಚ್ಚಿ ಅಳುವೇ ಬರುತ್ತದೆ. ಟೈಮ್‌ಟೇಬಲ್ ಹೇಗೆ ಮಾಡಿದರೆ ಸರಿ?

ಉತ್ತರ: ಆ ಚಾರ್ಟನ್ನು ಇಳಿಸಿ. ಇವತ್ತೇ. ಹಿಂಬದಿಯಲ್ಲಿ ಸಣ್ಣವ ಚಿತ್ರ ಬಿಡಿಸಲಿ.

ನಾನೂ ಇದನ್ನೇ ಮಾಡಿದವಳು. ನಮ್ಮ ಮನೆಯಲ್ಲೂ ಮೂವರು. ನನ್ನ ಚಾರ್ಟಿನ ಗೆರೆಗಳನ್ನು ಸ್ಕೇಲ್ ಇಟ್ಟು ಎಳೆದಿದ್ದೆ. ಮೂರನೇ ದಿನ ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದಾಗ ಹೊತ್ತಲ್ಲದ ಹೊತ್ತಿಗೆ ಮಳೆ ಬಂತು, ಎಲ್ಲರೂ ಓಡಿದೆವು, ವಿಜ್ಞಾನದ ಪಿರಿಯಡ್ ಹೋಯಿತು. ವಿಜ್ಞಾನವನ್ನು ಹಿಂದಿಯ ಜಾಗಕ್ಕೆ ತಳ್ಳಿದೆ, ಹಿಂದಿಯನ್ನು ಮರುದಿನಕ್ಕೆ, ಶನಿವಾರ ನೋಡಿದರೆ ಬಾಕಿ ಪಾಠಗಳ ಪಟ್ಟಿಯೇ ಒಂದು ಪುಟ. ಮಕ್ಕಳಿಗೆ ಏನೂ ಆಗಿರಲಿಲ್ಲ, ಅವರು ಅಡಿಕೆ ರಾಶಿಯ ಮೇಲೆ ಟಾರ್ಪಾಲು ಎಳೆದ ಖುಷಿಯಲ್ಲಿದ್ದರು. ಸೋತ ಹಾಗೆ ಕೂತಿದ್ದು ನಾನು ಒಬ್ಬಳೇ.

ಶಾಲೆಯ ಪಿರಿಯಡ್ ಒಂದು ಕೋಣೆ ತುಂಬ ಮಕ್ಕಳಿಗಾಗಿ ಮಾಡಿದ್ದು. ಹಾಜರಿ, ಗಲಾಟೆ ನಿಲ್ಲಿಸುವುದು, ಬೋರ್ಡ್ ನೋಡಿ ಬರೆಯುವುದು, ಎಲ್ಲರದ್ದೂ ಮುಗಿಯುವವರೆಗೆ ಕಾಯುವುದು, ಇದೆಲ್ಲ ಅದರೊಳಗೇ. ಶಾಲೆಗಳಿಗೇ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 1ರಿಂದ 5ನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ. ಭಾಗಿಸಿ ನೋಡಿ, ದಿನಕ್ಕೆ 4 ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ, ಅಂದರೆ ದಿನಕ್ಕೆ ನಾಲ್ಕೂವರೆ ಗಂಟೆ ಚಿಲ್ಲರೆ. ಅದೂ ಮಕ್ಕಳು ತುಂಬಿದ ಕ್ಲಾಸಿನಲ್ಲಿ. ಎದುರು ಒಬ್ಬನೇ ಕೂತಿರುವಾಗ ನಿಮಗೆ 9ರಿಂದ 4 ಯಾಕೆ ಬೇಕು?

ಹಾಗಾಗಿ ವಿಷಯಗಳನ್ನು ಎಣಿಸಬೇಡಿ. ನಿಮ್ಮನ್ನು ಎಣಿಸಿ. ಮೂರು ಮಕ್ಕಳಿರುವ ಮನೆಯಲ್ಲಿ ಸಾಲದೆ ಬರುವುದು ಒಂದೇ, ಅಮ್ಮ ಪಕ್ಕದಲ್ಲಿ ಕೂರುವ ಹೊತ್ತು. ಅದನ್ನು ಅಕ್ಕಿ ಅಳೆದ ಹಾಗೆ ಅಳೆದು ಹಂಚಬೇಕು. ಸಣ್ಣವನಿಗೆ 20 ನಿಮಿಷ. ಮಗನಿಗೆ ಓದು 15, ಲೆಕ್ಕ 25. ಮಗಳಿಗೆ ಲೆಕ್ಕ 25, ಅವಳು ಬರೆದದ್ದನ್ನು ನೋಡಿ ಮಾತಾಡುವುದಕ್ಕೆ 15. ಕೂಡಿಸಿದರೆ 1 ಗಂಟೆ 40 ನಿಮಿಷ. ಎಲ್ಲರೂ ಒಟ್ಟಿಗೆ ಮಾಡುವ ಪಾಠ ಅರ್ಧ ಗಂಟೆ ಹಾಕಿ. ಇಷ್ಟೇ ನಿಮ್ಮ ಶಾಲೆ. ಉಳಿದದ್ದು ಅವರವರೇ ಮಾಡುವುದು, ಆಟ, ಮನೆಕೆಲಸ, ಸುಮ್ನೆ ಕೂರುವುದು.

ಈಗ ಸಾಲು. ಗಂಟೆ ಬರೆಯಬೇಡಿ, ಯಾವುದರ ಹಿಂದೆ ಯಾವುದು ಎಂದಷ್ಟೇ ಇರಲಿ. ತಿಂಡಿ ಆಯಿತು, ಹಟ್ಟಿಯ ಕೆಲಸ ಆಯಿತು, ಕುಚ್ಚಲಕ್ಕಿ ಒಲೆಯ ಮೇಲೆ ಇಟ್ಟಾಯಿತು, ಅದು ಹೇಗೂ ನಿಧಾನಕ್ಕೆ ಬೇಯುವಂಥದ್ದು, ಆಗ ಕೂರಿ. ಮೊದಲು ಕೂರಿಸಿಕೊಳ್ಳಬೇಕಾದ್ದು ಸಣ್ಣವನನ್ನು. ನಾವೆಲ್ಲ ಉಲ್ಟಾ ಮಾಡುತ್ತೇವೆ ಅಲ್ವಾ, ದೊಡ್ಡವರ ಪಾಠ ಮುಗಿಯಲಿ, ಆಮೇಲೆ ಇವನಿಗೆ ಕಥೆ ಎಂದು. ಅವನು ಆ ‘ಆಮೇಲೆ’ಗಾಗಿಯೇ ನಿಮ್ಮ ಮೈಮೇಲೆ ಹತ್ತುವುದು. ಬೆಳಿಗ್ಗೆಯೇ 20 ನಿಮಿಷ ಪೂರ್ತಿ ಅವನಿಗೆ ಕೊಡಿ, ತೊಡೆಯಲ್ಲಿ ಕೂರಿಸಿ ಒಂದು ಕಥೆ, ಒಂದು ಹಾಡು, ಮಂಜೊಟ್ಟಿ ಕಾಯಿ (ಚೆನ್ನೆಮಣೆ ಆಡುವ ಕೆಂಪು ಬೀಜ) ಎಣಿಸುವುದು, ಅಷ್ಟೇ. ಹೊಟ್ಟೆ ತುಂಬಿದ ಕರುವಿನ ಹಾಗೆ ಎದ್ದು ಹೋಗುತ್ತಾನೆ. ದಿನವೂ ಹೋಗುತ್ತಾನೆ ಎಂದು ಬರೆದುಕೊಡಲಾರೆ, ಆದರೆ ಐದರಲ್ಲಿ ಮೂರು ದಿನ ಹೋದರೂ ನೀವು ಗೆದ್ದಿರಿ. 4 ವರ್ಷಕ್ಕೆ ಅ ಆ ಇ ಈ ತಿದ್ದಿಸುವ ಅವಸರವೂ ಬೇಡ.

ಆಮೇಲೆ ಮಗ. ಆ 40 ನಿಮಿಷ ಮಗಳು ಒಬ್ಬಳೇ ಮಾಡುವ ಕೆಲಸದಲ್ಲಿರಬೇಕು. ಅದರ ನಂತರ ಕುಡಿಯಲು ಏನಾದರೂ ಕೊಟ್ಟು, ಅಂಗಳದಲ್ಲಿ ಒಂದು ಸುತ್ತು ಓಡಲು ಬಿಟ್ಟು, ಮಗಳನ್ನು ಕೂರಿಸಿಕೊಳ್ಳಿ, ಮಗ ತನ್ನ ಬರವಣಿಗೆ ಮುಗಿಸಿ ಹೊರಗೆ ಹೋಗಲಿ. ಎಂಟೂವರೆಗೆ ಶುರುವಾದರೆ ಹತ್ತೂವರೆ, ಹನ್ನೊಂದಕ್ಕೆ ನೀವು ಅಡುಗೆಮನೆಯಲ್ಲಿ. ಅತ್ತೆಯ ಮುಖವೂ ಸರಿಯಾಗುತ್ತದೆ.

‘ಇನ್ನು ಎಂತ ಮಾಡ್ಲಿ’ ಎನ್ನುವುದಕ್ಕೆ ಮದ್ದು ಒಂದು ಸಣ್ಣ ನೋಟ್‌ಬುಕ್. ರಾತ್ರಿ ಮಲಗುವ ಮೊದಲು ಮರುದಿನ ಅವಳು ಒಬ್ಬಳೇ ಮಾಡಬೇಕಾದ ನಾಲ್ಕು ಕೆಲಸ ಅದರಲ್ಲಿ ಬರೆದಿಡಿ. ಹೊಸ ಪಾಠ ಬೇಡ, ಅವಳಿಗೆ ಆಗಲೇ ಗೊತ್ತಿರುವುದರ ಅಭ್ಯಾಸ ಮಾತ್ರ. ಹೊಸದು ಕೊಟ್ಟರೆ ಎರಡೇ ನಿಮಿಷಕ್ಕೆ ಎದ್ದು ಬರುತ್ತಾಳೆ, ತಪ್ಪು ಅವಳದ್ದಲ್ಲ. ಎಲ್ಲಾದರೂ ಸಿಕ್ಕಿಬಿದ್ದರೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಮುಂದಿನದಕ್ಕೆ ಹೋಗಬೇಕು. ಈ ನಿಯಮ ನಮ್ಮಲ್ಲಿ ಹಿಡಿತಕ್ಕೆ ಬರಲು ಒಂದು ತಿಂಗಳು ಬೇಕಾಯಿತು. ಬಂದ ಮೇಲೆ ಮನೆಯೇ ಬೇರೆಯಾಯಿತು.

ಇಲ್ಲಿ ಒಂದು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಸಲೀಸಾಗಲಿ ಎಂದು ತಮ್ಮನ ಮಗ್ಗಿ, ಓದು ಎಲ್ಲ ಮಗಳ ಕೈಗೆ ಬಿಟ್ಟಿದ್ದೆ. ಎರಡು ತಿಂಗಳಲ್ಲಿ ಅವಳು ಟೀಚರ್ ಆಗಿಬಿಟ್ಟಳು, ಕೋಲು ಒಂದು ಇರಲಿಲ್ಲ. ಅವನು ಅವಳ ಹತ್ತಿರ ಆಡಲಿಕ್ಕೂ ಹೋಗುತ್ತಿರಲಿಲ್ಲ. ಅಕ್ಕ ಅಕ್ಕನಾಗಿಯೇ ಇರಲಿ. ಸಣ್ಣವನಿಗೆ ದಿನಕ್ಕೆ ಹತ್ತು ನಿಮಿಷ ಕಥೆ ಓದಿ ಹೇಳಲಿ, ಅದು ಅವಳಿಗೂ ಗಟ್ಟಿಯಾಗಿ ಓದುವ ಅಭ್ಯಾಸ. ಅದಕ್ಕಿಂತ ಜಾಸ್ತಿ ಬೇಡ.

ಇನ್ನು ಒಟ್ಟಿಗೆ ಮಾಡುವ ಪಾಠ. ಸಮಾಜ, ವಿಜ್ಞಾನ, ಕಥೆ, ಪದ್ಯ ಇವನ್ನೆಲ್ಲ ಮೂರು ಸಲ ಮೂರು ಪುಸ್ತಕದಿಂದ ಮಾಡುವುದು ದಂಡ. ಒಂದೇ ವಿಷಯ ಹಿಡಿಯಿರಿ, ಪ್ರಾಯಕ್ಕೆ ತಕ್ಕ ಹಾಗೆ ಕೆಲಸ ಹಂಚಿ. ನಿಮ್ಮ ಕಡೆ ಸುರಂಗಗಳಿವೆಯಲ್ಲ, ಗುಡ್ಡವನ್ನು ಅಡ್ಡಕ್ಕೆ ಕೊರೆದು ಪಂಪಿಲ್ಲದೆ ನೀರು ತರುವಂಥವು. ನಾವು ಒಂದು ಇಡೀ ತಿಂಗಳು ಅದರ ಹಿಂದೆ ಬಿದ್ದಿದ್ದೆವು. ಒಳಗೆ ಹೋಗಲು ಬಿಡಬೇಡಿ, ಹಳೆಯವು ಜರಿಯುತ್ತವೆ, ಬಾಯಿಯ ಹತ್ತಿರವೇ ಸಾಕು. ಸಣ್ಣವನ ಕೆಲಸ ನೀರು ಮುಟ್ಟಿ ತಣ್ಣಗಿದೆಯಾ ಹೇಳುವುದು, ಮನೆಯಿಂದ ಅಲ್ಲಿಗೆ ಹೆಜ್ಜೆ ಎಣಿಸುವುದು. ಎಂಟರವ 10 ಲೀಟರಿನ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡು ನೋಡುತ್ತಾನೆ. ಲೆಕ್ಕ ಹನ್ನೊಂದರವಳದ್ದು. ಬಕೆಟ್ 50 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12 ಲೀಟರ್, ಗಂಟೆಗೆ 720, ದಿನಕ್ಕೆ 17,280. ಇದೇ ಬಕೆಟನ್ನು ಮಾರ್ಚ್‌ನಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಹಿಡಿದರೆ ಗ್ರಾಫ್ ಎಂದರೇನು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ. ಮುರಕಲ್ಲು ನೀರು ಹೀರುತ್ತದೆ ಯಾಕೆ, ಸುರಂಗದ ನೆಲಕ್ಕೆ ಸಣ್ಣ ಇಳಿಜಾರು ಯಾಕೆ, ಪ್ರಶ್ನೆಗಳು ತಾನಾಗಿಯೇ ಬರುತ್ತವೆ. ಉತ್ತರ ಗೊತ್ತಿಲ್ಲದಿದ್ದರೆ ಸುರಂಗ ತೋಡಿದ ಅಜ್ಜಂದಿರು ಯಾರಾದರೂ ಊರಲ್ಲಿರುತ್ತಾರೆ, ಕೇಳಲು ಕಳಿಸಿ.

ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯೂ ಹಾಗೆಯೇ. 14 ಗುಳಿ, ಒಂದೊಂದರಲ್ಲಿ 4 ಕಾಯಿ, 56. ಸಣ್ಣವನಿಗೆ ಎಣಿಕೆ, ಮಗನಿಗೆ ನಾಲ್ಕರ ಮಗ್ಗಿ, ಮಗಳಿಗೆ ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎನ್ನುವ ಮುಂದಾಲೋಚನೆ. ಆಟಿ ತಿಂಗಳ ಜೋರು ಮಳೆಗೆ ಕರೆಂಟು ಹೋದ ದಿನ ಇದೇ ನಿಮ್ಮ ಗಣಿತ.

ಅತ್ತೆಗೂ ಒಂದು ಪಾಲು ಕೊಡಿ, ಕೇಳಿಯೇ ಕೊಡಿ. ಹಲಸಿನ ಹಪ್ಪಳದ ಕಾಲದಲ್ಲಿ ಅವರು ತಟ್ಟುವಾಗ ಮಕ್ಕಳು ಹರಡಲಿ, 25ರ ಕಟ್ಟು ಮಾಡಲಿ, 340 ಆದರೆ ಎಷ್ಟು ಕಟ್ಟು, ಎಷ್ಟು ಉಳಿಯಿತು ಎಂದು ಅವರೇ ಕೇಳಲಿ. ಆಮೇಲೆ ಪುಳ್ಳಿಗಳ (ಮೊಮ್ಮಕ್ಕಳ) ಶಾಲೆಯನ್ನು ಬೈಯುವುದು ಅವರಿಗೂ ಕಷ್ಟ.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ. ನಮ್ಮ ಮಕ್ಕಳಿಗೆ ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು. ಕನ್ನಡ ಓದು ಪ್ರತಿದಿನ, ಅದು ಬಿಟ್ಟರೆ ಹೋಯಿತು. ಇಂಗ್ಲಿಷ್ ಪ್ರತಿದಿನ ಸ್ವಲ್ಪ. ಮಲಯಾಳ ವಾರಕ್ಕೆ ಮೂರು ದಿನ ಇರಲಿ, ಇಬ್ಬರು ದೊಡ್ಡವರಿಗೂ ಒಟ್ಟಿಗೇ, ಅಕ್ಷರ ಕಲಿಯುವುದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಕ್ಲಾಸು. ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂಬ ಕಾನೂನು 2017ರಲ್ಲೇ ಬಂದಿದೆ. ಮಕ್ಕಳು ಮುಂದೆ ಶಾಲೆಗೆ ಮರಳಿದರೆ ಬೇಕಾಗಬಹುದು. ಮರಳದಿದ್ದರೂ ಬಸ್ಸಿನ ಬೋರ್ಡು, ವಿಲೇಜ್ ಆಫೀಸಿನ ಫಾರಂ ಓದಲು ಬರಬೇಕಲ್ಲ. ಕೇರಳದಲ್ಲಿ ಪಠ್ಯಪುಸ್ತಕ ಮಾಡುವ ಸರ್ಕಾರಿ ಸಂಸ್ಥೆ ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಪಿಡಿಎಫ್ ಆಗಿ ಸಿಗುತ್ತವೆ, ಅವನ್ನೇ ಹಿಡಿದುಕೊಂಡರೆ ವಾಪಸು ಹೋಗುವ ದಾರಿಯೂ ತೆರೆದಿರುತ್ತದೆ.

ವರ್ಷದ ಲೆಕ್ಕವನ್ನೂ ನಿಮ್ಮ ತೋಟವೇ ಹೇಳಲಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಹೊರಗೆ ಕೆಲಸ ಕಡಿಮೆ, ಆಗ ಪುಸ್ತಕದ ಪಾಠ ಜಾಸ್ತಿ ಎಳೆಯಿರಿ. ಅಡಿಕೆ ಕೊಯ್ಲಿನ ವಾರಗಳಲ್ಲಿ ಓದು ಮತ್ತು ಲೆಕ್ಕ ಮಾತ್ರ ಸಾಕು, ಉಳಿದದ್ದಕ್ಕೆ ರಜೆ.

ಪ್ರಶ್ನೆ: ನನ್ನ ದೊಡ್ಡ ಮಗನಿಗೆ 13, ಮಗಳಿಗೆ 9. ಮಗ ಹತ್ತನೇ ಪರೀಕ್ಷೆ ಬರೆಯಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಇನ್ನು ಆಗದ ಕೆಲಸ ಅನ್ನಿಸುತ್ತದೆ. (ಕುಂಬಳೆಯಿಂದ)

ಉತ್ತರ: ಆಗುವುದಿಲ್ಲ, ನಿಮ್ಮ ಅನಿಸಿಕೆ ಸರಿ. ಮನೆಯಲ್ಲೇ ಓದಿದವರು ಹೆಚ್ಚಾಗಿ ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್. ಅದರ ಹತ್ತನೇ ಕೋರ್ಸಿಗೆ ಸೇರಲು 14 ತುಂಬಿರಬೇಕು, ಹಾಗಾಗಿ ನಿಮಗಿನ್ನೂ ಪುರುಸೊತ್ತಿದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್-ನವೆಂಬರ್ ಒಮ್ಮೆ. ನೋಂದಣಿ 5 ವರ್ಷ ನಡೆಯುತ್ತದೆ, ಎಲ್ಲ ವಿಷಯವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಭಾಷೆಯಾಗಿ ಕನ್ನಡವನ್ನೂ ತೆಗೆದುಕೊಳ್ಳಬಹುದು. ಇದು ತುಂಬ ಜನಕ್ಕೆ ಗೊತ್ತಿಲ್ಲ, ಇಂಗ್ಲಿಷ್ ಮತ್ತು ಹಿಂದಿ ಎಂದು ಬರೆದು ಕಳಿಸಿಬಿಡುತ್ತಾರೆ.

ಈ ಒಂದು ವರ್ಷ ಅವನಿಗೆ ಕಲಿಸಬೇಕಾದ ದೊಡ್ಡ ಪಾಠ ತನ್ನ ವಾರವನ್ನು ತಾನೇ ಬರೆದುಕೊಳ್ಳುವುದು. ಭಾನುವಾರ ಸಂಜೆ ಅವನೇ ಬರೆಯಲಿ, ನೀವು ಓದಿ ನೋಡಿ, ಅತಿಯಾದರೆ ಅರ್ಧ ಹೊಡೆದುಹಾಕಿ. ಹುಡುಗರು ಮೊದಲ ವಾರ ದಿನಕ್ಕೆ ಎಂಟು ಗಂಟೆ ಓದು ಎಂದೇ ಬರೆಯುವುದು. ಕಷ್ಟದ ವಿಷಯ ಬೆಳಿಗ್ಗೆ ತಂಗಿ ಏಳುವ ಮೊದಲು ಮುಗಿಯಲಿ. ನೀವು ಅವನ ಹತ್ತಿರ ಕೂರುವುದು ವಾರಕ್ಕೆ ಮೂರು ಸಲ, ಸುತ್ತು ಹಾಕಿಟ್ಟ ಲೆಕ್ಕಗಳಿಗೆ ಮಾತ್ರ. ಬೆಳಗಿನ ಉಳಿದ ಹೊತ್ತು ಮಗಳದ್ದು, ಅವಳು ಇಷ್ಟು ವರ್ಷ ಅಣ್ಣನ ಪಾಠದ ಸೆರಗಲ್ಲೇ ಇದ್ದವಳು. ಒಟ್ಟಿಗೆ ಮಾಡುವುದು ಒಂದನ್ನು ಬಿಡಬೇಡಿ, ಪೇಪರ್ ಓದುವುದೋ ಯಕ್ಷಗಾನದ ಹೆಜ್ಜೆಯೋ, ಯಾವುದಾದರೂ.

ನಡುವೆ ಮನಸ್ಸು ಬದಲಾದರೆ ಹೆದರಬೇಡಿ. 6ರಿಂದ 14ರೊಳಗಿನ ಮಗುವನ್ನು ಪ್ರಾಯಕ್ಕೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು ಎಂದು ಅದೇ 2009ರ ಕಾಯ್ದೆಯಲ್ಲಿದೆ. ಆದರೆ ಆ ವಯಸ್ಸಿನ ಮಿತಿ ಮಗನಿಗೆ ಹತ್ತಿರ ಬರುತ್ತಿದೆ, ಯೋಚನೆ ಮಾಡುವುದಿದ್ದರೆ ಈ ವರ್ಷವೇ ಮಾಡಿ.

ಪ್ರಶ್ನೆ: 6 ವರ್ಷದ ಮಗಳಿಗೆ ಪಾಠ, 7 ತಿಂಗಳ ಪಾಪು ಕೈಯಲ್ಲಿ. ನಿಯಮ ಎಂಬುದೇ ಇಲ್ಲ. ಏನು ಮಾಡಲಿ? (ಮುಳ್ಳೇರಿಯದಿಂದ)

ಉತ್ತರ: ಪಾಪು ಮಲಗಿದಾಗ ಪಾಠ, ಎದ್ದಾಗ ಬಂದ್. 6 ವರ್ಷಕ್ಕೆ ದಿನಕ್ಕೆ 40 ನಿಮಿಷ ಕೂತರೆ ಧಾರಾಳ, ಅದೂ ಎರಡು ತುಂಡು ಮಾಡಿ. ಪುಸ್ತಕ, ಪೆನ್ಸಿಲ್, ಸ್ಲೇಟು ಎಲ್ಲ ಒಂದೇ ಬುಟ್ಟಿಯಲ್ಲಿಟ್ಟು ತೊಟ್ಟಿಲಿನ ಹತ್ತಿರ ಇಡಿ, ಹುಡುಕುವುದರಲ್ಲೇ ಪಾಪು ಎದ್ದುಬಿಡುತ್ತದೆ. ಹಾಲು ಕುಡಿಸುವಾಗ ಮಗಳು ಪಕ್ಕದಲ್ಲಿ ಕೂತು ಓದಲಿ. ಪಾಪು ಮಲಗದ ದಿನ ಪಾಠ ಇಲ್ಲ, ನೀವೂ ಸ್ವಲ್ಪ ಅಡ್ಡಾಗಿ.