ಮೊದಲು ಟೇಪ್ ಹಿಡಿಯಿರಿ, ಆಮೇಲೆ ಥೀಮ್ ನೋಡಿ

ಪ್ರಶ್ನೆ: ಅಕ್ಕ, ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಅಪ್ಪ ಇಷ್ಟು ವರ್ಷ ಹೋಲ್‌ಸೇಲಿನವರಿಗೆ ಮಾತ್ರ ಮಾಲು ಕೊಡುತ್ತಿದ್ದರು. ಈಗ ನಮ್ಮದೇ ಹೆಸರಿನಲ್ಲಿ ಆರು ಡಿಸೈನ್ ಆನ್‌ಲೈನ್ ಮಾರೋಣ ಅಂತಿದ್ದೇನೆ. ಬಿ.ಕಾಂ ಓದಿದ್ದೇನೆ, ಟ್ಯಾಲಿ ಬರುತ್ತೆ, ಕೋಡಿಂಗ್ ಬರಲ್ಲ. ಒಬ್ಬರು ಶಾಪಿಫೈ ಅಂತಾರೆ, ಒಬ್ಬರು ವೂಕಾಮರ್ಸ್ ಅಂತಾರೆ. ಇನ್ನೊಬ್ಬರು ನಲವತ್ತು ಸಾವಿರ ಕೊಟ್ಟರೆ ಎಲ್ಲಾ ನಾನೇ ಮಾಡಿಕೊಡ್ತೀನಿ ಅಂತಾರೆ. ಯಾವುದು ಒಳ್ಳೆಯದು?
– ಹೆಸರು ಬೇಡ, ಬಳ್ಳಾರಿ

ಉತ್ತರ: ತಂಗಿ, ನಾನು ಇದೇ ಊರಿನ ಯೂನಿಟ್‌ಗಳಲ್ಲಿ ಲೆಕ್ಕ ಬರೆದವಳು. ಈಗ ಅದೇ ಯೂನಿಟ್‌ಗಳಿಗೆ ಆನ್‌ಲೈನ್ ಅಂಗಡಿ ಹಾಕಿಕೊಡುತ್ತೇನೆ. ನಿಮ್ಮ ಪತ್ರ ಓದಿ ನಿಜವಾಗಿಯೂ ಖುಷಿಯಾಯಿತು. ನಮ್ಮ ಊರಲ್ಲಿ ಹೊಲಿದ ಎಷ್ಟೋ ಪ್ಯಾಂಟು ಬೇರೆಯವರ ಲೇಬಲ್ ಹಚ್ಚಿಕೊಂಡು ಹೋಗುತ್ತವೆ. ನಿಮ್ಮ ಹೆಸರಿನ ಲೇಬಲ್ ಬೀಳಲೇಬೇಕು.

ಶಾಪಿಫೈ ಅಂದರೆ ಬಾಡಿಗೆ ಮಳಿಗೆ ಇದ್ದ ಹಾಗೆ. ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ರಿಪೇರಿ ಎಲ್ಲಾ ಅವರದೇ. ವೂಕಾಮರ್ಸ್ ಅಂದರೆ ಸೈಟು ಕಟ್ಟುವ ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್ ಮೇಲೆ ಕೂರುವ ಉಚಿತ ಸಾಫ್ಟ್‌ವೇರ್. ಅದಕ್ಕೆ ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟು ಇಡುವ ಬಾಡಿಗೆ ಜಾಗ) ಖರ್ಚು ನಿಮ್ಮದು. ಅಪ್‌ಡೇಟ್, ಬ್ಯಾಕಪ್ (ಸೈಟಿನ ನಕಲು ತೆಗೆದಿಡುವುದು) ನೋಡಿಕೊಳ್ಳುವುದೂ ನಿಮ್ಮದೇ ಕೆಲಸ. ಮಜೆಂಟೋ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಗ್ಗೆ ಯಾರಾದರೂ ಹೇಳಿದರೆ ಕೇಳಿ ಬಿಟ್ಟುಬಿಡಿ. ಅದು ದೊಡ್ಡ ಕಂಪನಿಗಳಿಗೆ.

ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಪ್ಯಾಂಟು 800 ರೂಪಾಯಿ ಅಂದುಕೊಳ್ಳಿ. ಕಾರ್ಡಿನಲ್ಲಿ ದುಡ್ಡು ಬಂದರೆ ಪೇಮೆಂಟ್ ಗೇಟ್‌ವೇಯವರು (ಗಿರಾಕಿ ಆನ್‌ಲೈನ್ ಕಟ್ಟಿದ ದುಡ್ಡನ್ನು ನಿಮಗೆ ತಲುಪಿಸುವವರು) ಸಾಮಾನ್ಯವಾಗಿ ಶೇ 2ರಷ್ಟು ಹಿಡಿಯುತ್ತಾರೆ, ಅಂದರೆ 16 ರೂಪಾಯಿ.   ಇದು ಯಾವ ಸಾಫ್ಟ್‌ವೇರ್ ತಗೊಂಡರೂ ತಪ್ಪಲ್ಲ. ಶಾಪಿಫೈಯವರ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿ ಇಲ್ಲ. ಹಾಗಾಗಿ ಹೊರಗಿನ ಗೇಟ್‌ವೇ ಬಳಸಬೇಕು, ಬಳಸಿದ್ದಕ್ಕೆ ಶಾಪಿಫೈಯವರು ಬೇರೆ ಕಮಿಷನ್ ತಗೋತಾರೆ. ಮೇಲೆ ತಿಂಗಳ ಬಾಡಿಗೆ, ಪ್ಯಾಂಟು ಹೋಗಲಿ ಬಿಡಲಿ. ಮೊದಲ ವರ್ಷ ವ್ಯಾಪಾರ ನಿಧಾನವಾಗಿಯೇ ಏಳುತ್ತೆ. ಟ್ಯಾಲಿ ಕಲಿತವರಿಗೆ ವೂಕಾಮರ್ಸ್ ಕಷ್ಟವಲ್ಲ. ನಿಮಗೆ ನನ್ನ ಓಟು ವೂಕಾಮರ್ಸ್‌ಗೇ. ಒಂದೇ ಷರತ್ತು: ದಿನಾ ತಾನೇ ಬ್ಯಾಕಪ್ ತೆಗೆಯುವ ಹೋಸ್ಟಿಂಗ್ ತಗೊಳ್ಳಿ. ನೂರು ಇನ್ನೂರು ಉಳಿಸಲು ಹೋಗಿ ಇದನ್ನು ಬಿಡಬೇಡಿ.

ನಲವತ್ತು ಸಾವಿರದವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಡೊಮೇನ್ ಯಾರ ಹೆಸರಲ್ಲಿ, ಯಾವ ಇ-ಮೇಲ್‌ನಲ್ಲಿ ನೋಂದಣಿ ಆಗುತ್ತೆ? ನನಗೆ ಗೊತ್ತಿರುವ ಒಬ್ಬ ವ್ಯಾಪಾರಿಯ ಸೈಟು ಮಾಡಿಕೊಟ್ಟವನು ಎಲ್ಲವನ್ನೂ ತನ್ನ ಇ-ಮೇಲ್‌ನಲ್ಲೇ ಇಟ್ಟುಕೊಂಡಿದ್ದ. ಮನಸ್ತಾಪ ಬಂತು, ಆತ ಫೋನ್ ಎತ್ತಲಿಲ್ಲ. ಡಬ್ಬದ ಮೇಲೆಲ್ಲಾ ಅಚ್ಚು ಹಾಕಿಸಿದ್ದ ವಿಳಾಸವೇ ಇವರ ಕೈತಪ್ಪಿತು. ಯಾರೇ ಕೆಲಸ ಮಾಡಲಿ, ಡೊಮೇನ್, ಹೋಸ್ಟಿಂಗ್, ಗೇಟ್‌ವೇ ಮೂರೂ ನಿಮ್ಮ ಇ-ಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲೇ ಇರಲಿ.

ಇನ್ನು ಅಸಲು ವಿಷಯ. ಜೀನ್ಸ್ ವ್ಯಾಪಾರದಲ್ಲಿ ಅಂಗಡಿ ನಿಲ್ಲುವುದು ಸೈಜಿನ ಮೇಲೆ. ಜನ ಮೊದಲು ಥೀಮ್ (ಸೈಟಿನ ಸಿದ್ಧ ವಿನ್ಯಾಸ), ಬಣ್ಣ, ಬ್ಯಾನರ್ ನೋಡುತ್ತಾ ಕೂರುತ್ತಾರೆ. ನೀವು ಮೊದಲು ಟೇಪ್ ಹಿಡಿಯಿರಿ. 32 ಅಂತ ಲೇಬಲ್ ಇದ್ದ ಮಾತ್ರಕ್ಕೆ ಸೊಂಟ 32 ಇಂಚು ಇರಲ್ಲ, ಇದು ನಿಮಗೇ ಗೊತ್ತು. ವಾಷಿಂಗ್‌ಗೆ ಹೋಗಿ ಬಂದ ಮೇಲೆ ಬಟ್ಟೆ ಕುಗ್ಗುತ್ತೆ. ಆದ್ದರಿಂದ ಅಳತೆ ವಾಷಿಂಗ್ ಆದ ಮೇಲೆ ತಗೊಳ್ಳಿ. ಪ್ಯಾಂಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಗುಂಡಿ ಹಾಕಿ, ಸೊಂಟದ ಈ ತುದಿಯಿಂದ ಆ ತುದಿಗೆ ಅಳೆದು ಎರಡರಿಂದ ಗುಣಿಸಿ. ಆಮೇಲೆ ತೊಡೆ, ಒಳ ಉದ್ದ, ಬಾಟಮ್ (ಕಾಲಿನ ಕೆಳ ಅಂಚು). ಪ್ರತಿ ಡಿಸೈನಿಗೂ ಬೇರೆ ಪಟ್ಟಿ ಮಾಡಿ. ಟೇಪ್ ಕಾಣುವ ಹಾಗೆ ಒಂದು ಫೋಟೋ ಹಾಕಿ. ‘ನಿಮಗೆ ಸರಿ ಹೋಗುವ ಹಳೇ ಪ್ಯಾಂಟನ್ನು ಹೀಗೇ ಹಾಸಿ ಅಳೆದು ನೋಡಿ’ ಅಂತ ಒಂದು ಸಾಲು ಬರೆಯಿರಿ. ವಾಪಸ್ ಬರುವ ಪಾರ್ಸೆಲ್ ಇದರಿಂದಲೇ ಕಡಿಮೆಯಾಗುತ್ತೆ.

ವೂಕಾಮರ್ಸ್‌ನಲ್ಲಿ ಇದಕ್ಕೆ ‘ವೇರಿಯಬಲ್ ಪ್ರಾಡಕ್ಟ್’ ಅಂತ ಆಯ್ಕೆ ಇದೆ. ಆರು ಡಿಸೈನ್, 28ರಿಂದ 36ರ ತನಕ ಐದು ಸೈಜು, ಎರಡು ಬಣ್ಣ ಅಂದರೆ 60 ಬಗೆ ಆಯಿತು. ಪ್ರತಿಯೊಂದಕ್ಕೂ ‘ಸ್ಲಿಮ್-ನೀಲಿ-32’ ಥರ ಒಂದು ಕೋಡ್ ಕೊಡಿ. ಅದೇ ಕೋಡ್ ಟ್ಯಾಲಿಯಲ್ಲೂ, ರ್‍ಯಾಕಿನ ಚೀಟಿಯಲ್ಲೂ ಇರಲಿ. ಸ್ಟಾಕ್ ಲೆಕ್ಕವನ್ನು ಡಿಸೈನಿಗೆ ಒಟ್ಟಾಗಿ ಹಾಕಬೇಡಿ, ಒಂದೊಂದು ಬಗೆಯ ಒಳಗೆ ಹೋಗಿ ಹಾಕಿ. ಒಟ್ಟಾಗಿ ಹಾಕಿದರೆ 32 ಖಾಲಿಯಾಗಿದ್ದರೂ 28, 36 ಉಳಿದಿವೆ ಅಂತ ಸೈಟು ಆರ್ಡರ್ ತಗೊಳ್ಳುತ್ತಲೇ ಇರುತ್ತೆ. ಆಮೇಲೆ ಗಿರಾಕಿ ಹತ್ತಿರ ಮಾತು ಕೇಳುವವರು ನೀವು.

ತೂಕದ ಕಾಲಂ ಖಾಲಿ ಬಿಡಬೇಡಿ. ಕೊರಿಯರ್ ದರ ಸಾಮಾನ್ಯವಾಗಿ ಅರ್ಧ ಕೆಜಿ ಲೆಕ್ಕದಲ್ಲಿ ಏರುತ್ತೆ. ದಪ್ಪ ಡೆನಿಮ್ ಪ್ಯಾಂಟು ಕವರ್ ಸಮೇತ ಅರ್ಧ ಕೆಜಿ ದಾಟಿದರೆ ಒಂದು ಕೆಜಿ ದರವೇ ಬೀಳುತ್ತೆ. ಡಬ್ಬ ದೊಡ್ಡದಾದರೆ ಅದರ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಅದು ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು ಹಾಕುವ ಕಂಪನಿಗಳು ಬಹಳ. ಪ್ಯಾಂಟಿಗೆ ಡಬ್ಬ ಬೇಡ. ಚಪ್ಪಟೆ ಕೊರಿಯರ್ ಕವರ್ ಸಾಕು.

ಕ್ಯಾಶ್ ಆನ್ ಡೆಲಿವರಿ ವೂಕಾಮರ್ಸ್‌ನಲ್ಲೇ ಇದೆ, ಟಿಕ್ ಮಾಡಿದರೆ ಆಯಿತು. ಆದರೆ ಗಿರಾಕಿ ಬಾಗಿಲಲ್ಲಿ ಬೇಡ ಅಂದರೆ ಹೋಗುವ ಬರುವ ಎರಡೂ ಖರ್ಚು ನಿಮ್ಮ ತಲೆಗೆ. ಫೋನ್ ಮಾಡಿ ಖಚಿತ ಮಾಡಿಕೊಂಡೇ ಪಾರ್ಸೆಲ್ ಕಳಿಸಿ.

ಜಿಎಸ್‌ಟಿ: ಕರ್ನಾಟಕದ ಒಳಗೆ ಮಾತ್ರ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವ್ಯಾಪಾರದ ತನಕ ನೋಂದಣಿ ಬೇಕಿಲ್ಲ. ಆದರೆ ಗಡಿ ದಾಟಿ ಕರ್ನೂಲಿಗೋ ಅನಂತಪುರಕ್ಕೋ ಒಂದು ಜೀನ್ಸ್ ಕಳಿಸಿದರೂ ನೋಂದಣಿ ಕಡ್ಡಾಯ. ಅಪ್ಪನ ಯೂನಿಟ್‌ಗೆ ಜಿಎಸ್‌ಟಿ ನಂಬರ್ ಇದ್ದರೆ ಅದನ್ನೇ ಬಳಸಬಹುದಾ ಅಂತ ಆಡಿಟರ್ ಹತ್ತಿರ ಕೇಳಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿ ತನಕದ ಉಡುಪಿಗೆ ಶೇ 5 ತೆರಿಗೆ. ಸೈಟಿನಲ್ಲಿ ಅದನ್ನೇ ಹಾಕಿ.

ವಾಪಸಾತಿ, ಡೆಲಿವರಿ, ಗೌಪ್ಯತೆ, ಸಂಪರ್ಕ – ಈ ಪುಟಗಳನ್ನು ಮೊದಲೇ ಬರೆದಿಡಿ. ಗೇಟ್‌ವೇಯವರು ಅವನ್ನು ನೋಡಿಯೇ ಒಪ್ಪಿಗೆ ಕೊಡುತ್ತಾರೆ. ಸೈಟು ಶುರು ಮಾಡುವ ಮುಂಚೆ ಅಮ್ಮನ ಮೊಬೈಲಿನಿಂದ ಒಂದು ಆರ್ಡರ್ ಹಾಕಿಸಿ. ದುಡ್ಡು ಕಟ್ಟಿಸಿ, ಬಿಲ್ ತೆಗೆದು, ಪ್ಯಾಕ್ ಮಾಡಿ, ಆಮೇಲೆ ವಾಪಸ್ ತಗೊಂಡು ರಿಫಂಡ್ ಕೂಡ ಮಾಡಿ. ಅಮ್ಮ ಎಲ್ಲಿ ತಡವರಿಸುತ್ತಾರೋ ಗಿರಾಕಿಯೂ ಅಲ್ಲೇ ತಡವರಿಸುತ್ತಾರೆ.

ಪ್ರಶ್ನೆ: ನಾವು ಕಿನ್ನಾಳದ ಗೊಂಬೆ ಮಾಡುವವರು. ಈಗ ವಾಟ್ಸ್ಆಪ್‌ನಲ್ಲೇ ಆರ್ಡರ್ ಬರುತ್ತಿದೆ. ವೆಬ್‌ಸೈಟ್ ಮಾಡಿಸಲೇಬೇಕಾ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಅಣ್ಣ, ಸದ್ಯಕ್ಕೆ ಬೇಡ. ನಿಮ್ಮದು ಕೈಕೆಲಸ. ಇವತ್ತು ಬಣ್ಣ ಹಾಕಿದ ಗೊಂಬೆಯಂಥದ್ದೇ ಇನ್ನೊಂದು ನಾಳೆ ಸಿಗಲ್ಲ. ವಾಟ್ಸ್ಆಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಉಚಿತ. ಎತ್ತರ, ತೂಕ, ಬೆಲೆ, ಮಾಡಲು ಹಿಡಿಯುವ ದಿನ ಬರೆದು ಫೋಟೋ ಹಾಕಿ. ಕಿನ್ನಾಳ ಗೊಂಬೆಗೆ ಜಿಐ (ಆ ಊರಿನದೇ ಕಸುಬು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಇದೆ ಅನ್ನುವುದನ್ನೂ ತಪ್ಪದೇ ಬರೆಯಿರಿ, ದೂರದವರಿಗೆ ಅದು ಗೊತ್ತಿರಲ್ಲ. ಒಂದೇ ಪ್ರಶ್ನೆಗೆ ದಿನಾ ಉತ್ತರ ಟೈಪ್ ಮಾಡಿ ಕುಂಚ ಹಿಡಿಯಲು ಪುರುಸೊತ್ತಿಲ್ಲ ಅನ್ನಿಸಿದಾಗ ಸೈಟಿನ ಮಾತಾಡೋಣ. ಇನ್ನೊಂದು ಮಾತು: ಹೊರರಾಜ್ಯಕ್ಕೆ ಮಾರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅನ್ನುವ ನಿಯಮದಿಂದ ಸರ್ಕಾರ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ ವರ್ಷಕ್ಕೆ 20 ಲಕ್ಷದ ವ್ಯಾಪಾರದ ತನಕ ವಿನಾಯಿತಿ ಇದೆ. ಪ್ಯಾನ್, ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಬೇಕು. ಆಡಿಟರ್ ಹತ್ತಿರ ಪಟ್ಟಿ ತೋರಿಸಿ ಕೇಳಿ.

ಪ್ರಶ್ನೆ: ಸಾವಿರಾರು ರೂಪಾಯಿಯ ಥೀಮ್ ಪುಕ್ಕಟೆ ಹಾಕಿಕೊಡ್ತೀನಿ ಅಂತ ಒಬ್ಬ ಹುಡುಗ ಹೇಳುತ್ತಿದ್ದಾನೆ. ಹಾಕಿಸಲಾ?
– ಓದುಗರು, ರಾಯಚೂರು

ಉತ್ತರ: ಬೇಡವೇ ಬೇಡ. ಅದು ಕದ್ದ ಪ್ರತಿ. ಅಂಥದ್ದರಲ್ಲಿ ವೈರಸ್ ಕೋಡ್ ಸೇರಿಸಿರುವುದು ಮಾಮೂಲು, ನಿಮ್ಮ ಗಿರಾಕಿಗಳ ಫೋನ್ ನಂಬರು, ವಿಳಾಸ ಯಾರದೋ ಪಾಲಾಗುತ್ತೆ. ಅದಕ್ಕೆ ಅಪ್‌ಡೇಟೂ ಬರಲ್ಲ. ವೂಕಾಮರ್ಸ್‌ನವರದೇ ‘ಸ್ಟೋರ್‌ಫ್ರಂಟ್’ ಅನ್ನುವ ಥೀಮ್ ಉಚಿತವಾಗಿ ಸಿಗುತ್ತೆ. ನೋಡಲು ಸಾದಾ, ಮೊಬೈಲಿನಲ್ಲಿ ಹಗುರ. ಅದನ್ನೇ ಹಾಕಿಕೊಳ್ಳಿ.