ಕೈಯಲ್ಲಿ ಹೆಣೆದ ಸ್ವೆಟರ್, ಟೋಪಿಗಳನ್ನು ಕರಕುಶಲ ಮೇಳದಲ್ಲಿ ಮಾರಲು ಹೇಗೆ ತಯಾರಾಗಬೇಕು?

ನೀವು ಹಾಸನದವರು. ಎರಡು ವರ್ಷದಿಂದ ಹೆಣೆದ ಸ್ವೆಟರ್, ಟೋಪಿ, ಮಫ್ಲರ್ ಎಲ್ಲ ಸೇರಿ ಮನೆಯಲ್ಲಿ ಮೂವತ್ತರಷ್ಟಿವೆ. ಡಿಸೆಂಬರಿನಲ್ಲಿ ಒಂದು ಮೇಳದಲ್ಲಿ ಮಳಿಗೆ ಸಿಗುವ ಹಾಗಿದೆ. ಹೋಗುವ ಮೊದಲು ಏನೇನು ತಯಾರಿ ಬೇಕು ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವಳು. ಆರು ವರ್ಷದಿಂದ ಹೀಗೆ ಹೆಣೆದು ಮಾರುತ್ತಿದ್ದೇನೆ. ನಾನು ಮಾಡಿ ಕಲಿತಿದ್ದನ್ನು ಹೇಳುತ್ತೇನೆ.

ಹೆಣೆದು ಕಡ್ಡಿಯಿಂದ ಇಳಿಸಿದ ಮೇಲೆ ಇನ್ನೂ ಅರ್ಧ ಕೆಲಸ ಬಾಕಿ ಇರುತ್ತದೆ. ಮನೆಯವರಿಗೆ ಹಾಕಿಕೊಟ್ಟ ಸ್ವೆಟರಿನಲ್ಲಿ ಸಣ್ಣಪುಟ್ಟದ್ದು ನಡೆದುಹೋಗುತ್ತದೆ, ದುಡ್ಡು ಕೊಡುವವರ ಹತ್ತಿರ ನಡೆಯುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಮೊದಲ ಮೇಳಕ್ಕೆ ಬಂದಿದ್ದ ಒಬ್ಬ ಅಜ್ಜಿ. ಮೊಮ್ಮಗುವಿಗೆ ಅಂತ ಒಂದು ಹಳದಿ ಕುಲಾವಿ ಎತ್ತಿಕೊಂಡರು. ಹೊರಮೈ ನೋಡಲೇ ಇಲ್ಲ. ಸೀದಾ ಒಳಮೈ ತಿರುವಿದರು. ಬಣ್ಣ ಬದಲಾಯಿಸಿದ ಕಡೆ ನಾನು ಗಂಟು ಹಾಕಿ, ಅರ್ಧ ಇಂಚು ಬಿಟ್ಟು ಕತ್ತರಿಸಿದ್ದೆ. ಆ ಗಂಟಿನ ಮೇಲೆ ಅವರು ಹೆಬ್ಬೆರಳು ಆಡಿಸಿದರು. "ಕೂಸಿನ ನೆತ್ತಿಗೆ ಇದು ಒತ್ತುತ್ತಲ್ಲಮ್ಮಾ" ಅಂದರು. ಮಡಿಸಿ, ಇದ್ದ ಜಾಗದಲ್ಲೇ ಇಟ್ಟು ಹೋದರು. ಅವತ್ತು ರಾತ್ರಿ ಮನೆಗೆ ಬಂದು ಉಳಿದ ಕುಲಾವಿಗಳನ್ನೆಲ್ಲ ಒಳಮೈ ಮಾಡಿ ನೋಡಿದೆ. ಒಂದೊಂದರಲ್ಲೂ ನಾಲ್ಕೈದು ಗಂಟು.

ಹಾಗಾಗಿ ನಿಮ್ಮ ಮೂವತ್ತನ್ನೂ ಇವತ್ತೇ ಒಳಮೈ ತಿರುವಿ ನೋಡಿ. ಗಂಟು ಇದ್ದು, ಸೂಜಿಗೆ ಪೋಣಿಸುವಷ್ಟು ತುದಿ ಉದ್ದವಿದ್ದರೆ ಬಿಚ್ಚಿ. ಮುಂದೆ ಹೆಣೆಯುವಾಗ ಹೊಸ ಎಳೆ ಸೇರಿಸುವ ಕಡೆ ಎರಡೂ ತುದಿಯನ್ನು ಆರು ಇಂಚು ಬಿಡಿ. ಆಮೇಲೆ ದೊಡ್ಡ ಕಣ್ಣಿನ ಮೊಂಡು ಸೂಜಿಗೆ ಪೋಣಿಸಿ, ಒಳಮೈಯ ಕುಣಿಕೆಗಳ ನಡುವೆ ಒಂದೂವರೆ ಇಂಚು ಒಂದು ದಿಕ್ಕಿಗೆ ಹಾಯಿಸಿ. ಮತ್ತೆ ತಿರುಗಿಸಿ ಒಂದಿಂಚು ಹಿಂದಕ್ಕೆ ತನ್ನಿ. ಉಣ್ಣೆಯ ಎಳೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಅಕ್ರಿಲಿಕ್, ಅಂದರೆ ಉಣ್ಣೆಯ ಹಾಗೆ ಕಾಣುವ ಕೃತಕ ಎಳೆ, ಜಾರುತ್ತದೆ, ಅದಕ್ಕೇ ಈ ಹಿಂದಕ್ಕೆ ತರುವ ಕೆಲಸ. ಕೊನೆಗೆ ಬಟ್ಟೆಯನ್ನು ನಾಲ್ಕೂ ಕಡೆ ಎಳೆದು ನೋಡಿ, ತುದಿ ಹೊರಗೆ ಬರದಿದ್ದರೆ ಮಾತ್ರ ಕತ್ತರಿಸಿ. ಒಂದು ಟೋಪಿಗೆ ಇದು ಹತ್ತು ನಿಮಿಷದ ಕೆಲಸ. ಬೇಸರ ಬರುತ್ತದೆ ನಿಜ. ಆದರೂ ಮಾಡಿ.

ಮಕ್ಕಳದ್ದಾದರೆ ಇನ್ನೂ ಎಚ್ಚರ ಬೇಕು. ಗುಂಡಿಗಳನ್ನು ಉಲ್ಲನ್ನಿನಲ್ಲಿ (ಉಣ್ಣೆಯಿರಲಿ, ಅಕ್ರಿಲಿಕ್ ಇರಲಿ, ಹೆಣೆಯುವ ನೂಲಿಗೆ ನಾವು ಹೇಳುವ ಹೆಸರು) ಹೊಲಿಯಬೇಡಿ, ಗಟ್ಟಿ ಹೊಲಿಗೆ ದಾರದಲ್ಲಿ ಹೊಲಿದು ಜಗ್ಗಿ ನೋಡಿ. ಕಿತ್ತುಬಂದ ಗುಂಡಿ ಸೀದಾ ಮಗುವಿನ ಬಾಯಿಗೆ ಹೋಗುತ್ತದೆ. ಕತ್ತಿಗೆ ಕಟ್ಟುವ ಉದ್ದ ದಾರ ಬೇಡ. ಎಳೆ ಉದುರುವ, ನಯನಯ ಕೂದಲಿನಂಥ ಉಲ್ಲನ್ ನೋಡಲು ಚೆಂದ, ಆದರೆ ಎಳೆ ಕೂಸುಗಳಿಗೆ ಅದು ಆಗುವುದಿಲ್ಲ.

ಎರಡನೆಯದು ತೊಳೆಯುವುದು. "ಹೊಸದನ್ನ ಯಾಕೆ ತೊಳೆಯಬೇಕು?" ಅಂತ ನಾನೂ ಕೇಳಿದ್ದೆ. ಹೆಣೆಯುವಾಗ ಕೈಯ ಬೆವರು, ಅಡುಗೆ ಮನೆಯ ಒಗ್ಗರಣೆ ವಾಸನೆ ಎಲ್ಲ ಅದಕ್ಕೆ ಅಂಟಿರುತ್ತದೆ. ಅಲ್ಲದೆ ಕಡ್ಡಿಯಿಂದ ಇಳಿದ ಬಟ್ಟೆಯ ಅಂಚು ಸುರುಳಿ ಸುತ್ತಿಕೊಂಡಿರುತ್ತದೆ, ಕುಣಿಕೆಗಳು ಏರುಪೇರಾಗಿರುತ್ತವೆ. ಒಂದು ಸಲ ನೀರಿಗೆ ಬಿದ್ದು ಒಣಗಿದ ಮೇಲೆ ಅದೇ ಬಟ್ಟೆ ಸಮವಾಗಿ ಕೂರುತ್ತದೆ.

ಉಗುರು ಬೆಚ್ಚಗಿನ ನೀರಿಗೆ ಉಣ್ಣೆ ಬಟ್ಟೆಯ ಸೋಪಿನ ದ್ರವ ಹಾಕಿ, ಹದಿನೈದು ನಿಮಿಷ ನೆನೆಯಲು ಬಿಡಿ. ತಿಕ್ಕಬೇಡಿ. ಬಿಸಿ ನೀರು, ತಿಕ್ಕಾಟ ಎರಡೂ ಸೇರಿದರೆ ಶುದ್ಧ ಉಣ್ಣೆ ಕುಗ್ಗಿ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ಸರಿಮಾಡಲು ಬರುವುದಿಲ್ಲ. ಎತ್ತುವಾಗ ಭುಜ ಹಿಡಿದು ಎತ್ತಬಾರದು, ನೀರಿನ ಭಾರಕ್ಕೆ ಜೋತುಬೀಳುತ್ತದೆ. ಎಣ್ಣೆನೀರು ಹಾಕಿದ ಕೂಸನ್ನು ಎತ್ತುವ ಹಾಗೆ ಎರಡೂ ಅಂಗೈ ಅಡಿಗೆ ಕೊಟ್ಟು ಎತ್ತಿ. ಹಿಂಡದೆ, ಒಣ ಟವೆಲಿನ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲಿನಿಂದ ಒತ್ತಿ. ನೀರೆಲ್ಲ ಟವೆಲಿಗೆ ಹೋಗುತ್ತದೆ. ಆಮೇಲೆ ನೆಲದ ಮೇಲೆ ಇನ್ನೊಂದು ಟವೆಲ್ ಹಾಸಿ ಅದರ ಮೇಲೆ ಮಲಗಿಸಿ. ಟೇಪು ಹಿಡಿದು ಎರಡೂ ತೋಳು ಒಂದೇ ಉದ್ದಕ್ಕೆ ಬರುವ ಹಾಗೆ ಕೈಯಿಂದ ನೇರ ಮಾಡಿ. ಬೇಕಾದ ಕಡೆ ತುಕ್ಕು ಹಿಡಿಯದ ಪಿನ್ನು ಚುಚ್ಚಿ. ತಂತಿಗೆ ಮಾತ್ರ ಯಾವತ್ತೂ ನೇತುಹಾಕಬೇಡಿ.

ಅಕ್ರಿಲಿಕ್ ಆದರೂ ಹೀಗೇ ತೊಳೆಯಿರಿ, ಆದರೆ ಉಣ್ಣೆಯಷ್ಟು ಚೆನ್ನಾಗಿ ಅದು ಆಕಾರಕ್ಕೆ ಕೂರುವುದಿಲ್ಲ. ಇಸ್ತ್ರಿಪೆಟ್ಟಿಗೆ ತಾಗಿಸಲೇಬಾರದು. ತಾಗಿದರೆ ಕುಣಿಕೆಗಳ ಜೀವವೇ ಹೋದ ಹಾಗೆ ಬಟ್ಟೆ ಸೊರಗುತ್ತದೆ. ಬಾರ್ಡರ್ ಮತ್ತೆ ಬಿಗಿಯಾಗುವುದಿಲ್ಲ. ಹಳೇ ದಾಸ್ತಾನಿನ ಉಲ್ಲನ್ ಯಾವುದು ಅಂತ ಮರೆತಿದ್ದರೆ ಎರಡು ಇಂಚು ಎಳೆ ಕತ್ತರಿಸಿ, ನೀರಿನ ಬಟ್ಟಲಿನ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಿನಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಗೊತ್ತಿಲ್ಲದೆ ಚೀಟಿಯಲ್ಲಿ "ಶುದ್ಧ ಉಣ್ಣೆ" ಅಂತ ಬರೆಯಬೇಡಿ. ಅಕ್ರಿಲಿಕ್ ಅಂತಲೇ ಬರೆದರೂ ಜನ ಕೊಳ್ಳುತ್ತಾರೆ, ಮಷಿನ್ನಿಗೆ ಹಾಕಿ ತೊಳೆಯಬಹುದು ಅಂತ ಎಷ್ಟೋ ಜನ ಅದನ್ನೇ ಕೇಳಿ ಕೊಳ್ಳುತ್ತಾರೆ.

ನಮ್ಮ ಮಲೆನಾಡಿನ ಕಡೆಯವರಿಗೆ ಒಂದು ವಿಷಯ ಮುಖ್ಯ. ಮಳೆಗಾಲದಲ್ಲಿ ಹೆಣೆಯಿರಿ, ಆದರೆ ತೊಳೆಯಬೇಡಿ. ಮೂರನೇ ವರ್ಷ ನಾನು ಆಗಸ್ಟಿನಲ್ಲಿ ಹನ್ನೆರಡು ಮಫ್ಲರ್ ತೊಳೆದೆ. ನಾಲ್ಕು ದಿನವಾದರೂ ಒಣಗಲಿಲ್ಲ. ಬೂಷ್ಟು ಹಿಡಿಯುತ್ತದೆ ಅಂತ ಹೆದರಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದೆ. ಒಣಗಿದವು, ಆದರೆ ಹನ್ನೆರಡಕ್ಕೂ ಹೊಗೆಯ ವಾಸನೆ. ಮತ್ತೆ ಮತ್ತೆ ತೊಳೆದರೂ ಪೂರ್ತಿ ಹೋಗಲಿಲ್ಲ. ಆ ವರ್ಷ ಅವನ್ನು ಮೇಳಕ್ಕೆ ಒಯ್ಯಲಿಲ್ಲ, ತೋಟದ ಕೆಲಸಕ್ಕೆ ಬರುವವರಿಗೆ ಹಂಚಿದೆ. ಈಗ ತೊಳೆಯುವುದನ್ನೆಲ್ಲ ದೀಪಾವಳಿ ಹೊತ್ತಿನ ಬಿಸಿಲಿಗೆ ಇಟ್ಟುಕೊಂಡಿದ್ದೇನೆ. ಅದೂ ನೇರ ಬಿಸಿಲಲ್ಲ, ಜಗಲಿಯ ನೆರಳಿನ ಗಾಳಿ. ನಿಮ್ಮ ಹಾಸನದಲ್ಲಿ ನಮ್ಮಷ್ಟು ಮಳೆ ಇಲ್ಲ, ಆದರೂ ನವೆಂಬರಿಗೆ ಇಟ್ಟುಕೊಂಡರೆ ನಿಶ್ಚಿಂತೆ.

ಒಣಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿಡಿ. ನುಸಿಗುಳಿಗೆ ಹಾಕಬೇಡಿ. ಕೂಸಿನ ಬಟ್ಟೆ ಕೊಳ್ಳುವವರು ಮೊದಲು ಮೂಗಿಗೆ ಹಿಡಿಯುತ್ತಾರೆ. ನಾನು ಒಣಗಿದ ಬೇವಿನೆಲೆಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಇಡುತ್ತೇನೆ. ಹುಳು ತಿನ್ನುವುದು ಉಣ್ಣೆಯನ್ನು, ಅದೂ ಬೆವರು ಕೊಳೆ ಇರುವುದನ್ನು ಮೊದಲು. ತೊಳೆದಿಟ್ಟರೆ ಅರ್ಧ ಭಯ ಕಡಿಮೆ.

ಇನ್ನು ಏನನ್ನು ಒಯ್ಯಬೇಕು ಅನ್ನುವುದು. ನಿಮ್ಮ ಮೂವತ್ತರಲ್ಲಿ ಸ್ವೆಟರುಗಳೇ ಜಾಸ್ತಿ ಇದ್ದರೆ ಈಗಿನಿಂದ ಟೋಪಿಗೆ ಕೂತುಕೊಳ್ಳಿ. ಲೆಕ್ಕ ನೋಡಿ. ನನ್ನ ಒಂದು ಕಿವಿ ಮುಚ್ಚುವ ಟೋಪಿಗೆ 80 ಗ್ರಾಂ ಉಲ್ಲನ್, ಸುಮಾರು 70 ರೂಪಾಯಿ. ನಾಲ್ಕು ಗಂಟೆ ಕೆಲಸ, ಗಂಟೆಗೆ 60ರಂತೆ 240. ಸೋಪು, ಚೀಟಿ, ಕವರಿಗೆ 10. ಮಳಿಗೆ ಬಾಡಿಗೆ, ಬಸ್ಸು, ಊಟ ಎಲ್ಲ ಸೇರಿ 2,400 ಆದರೆ, 60 ವಸ್ತು ಮಾರುತ್ತೇನೆ ಅಂದುಕೊಂಡು ಒಂದಕ್ಕೆ 40. ಒಟ್ಟು 360. ಈ ಬೆಲೆಗೆ ಟೋಪಿ ಹೋಗುತ್ತದೆ. ಇದೇ ಲೆಕ್ಕದಲ್ಲಿ ದೊಡ್ಡವರ ಸ್ವೆಟರಿಗೆ 50 ಗಂಟೆ ಅಂದರೂ ಕೂಲಿಯೇ 3,000, ಮೇಲೆ ಅರ್ಧ ಕೆಜಿ ಉಲ್ಲನ್. ಚಳಿಗಾಲದಲ್ಲಿ ಟಿಬೆಟಿಯನ್ನರು ಬಂದು ಮಾರುವ ಲುಧಿಯಾನದ ಮಷಿನ್ ಸ್ವೆಟರಿನ ಪಕ್ಕದಲ್ಲಿ ಈ ಬೆಲೆ ಹೇಳಿದರೆ ಜನ ನಿಲ್ಲುವುದಿಲ್ಲ. ಹಾಗಂತ ನಿಮ್ಮ ಕೂಲಿ ಬಿಟ್ಟುಕೊಡಬೇಡಿ, ದಯವಿಟ್ಟು. ಬರೀ ಉಲ್ಲನ್ ದುಡ್ಡು ಬಂದರೆ ಸಾಕು ಅಂತ ಮಾರಿದರೆ ಪಕ್ಕದ ಮಳಿಗೆಯಲ್ಲಿ ಇದೇ ಕೆಲಸದಿಂದ ಮನೆ ನಡೆಸುವವಳ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಎರಡೇ ಎರಡು ಒಳ್ಳೆಯ ಸ್ವೆಟರ್ ತೋರಿಸಲು ಇಟ್ಟು, ಅಳತೆ ಬರೆದುಕೊಂಡು, ಅರ್ಧ ಮುಂಗಡ ತೆಗೆದುಕೊಂಡು ಆರ್ಡರ್ ಹಿಡಿಯಿರಿ.

ಊರಿಗೆ ತಕ್ಕ ಹಾಗೆ ಬೇಡಿಕೆ ಬೇರೆ. ನಮ್ಮಲ್ಲಿ ಶನಿವಾರ ಭಾನುವಾರ ಬೆಂಗಳೂರಿನವರು ತೆಳು ಟೀಶರ್ಟಿನಲ್ಲಿ ಮುಳ್ಳಯ್ಯನಗಿರಿ ಹತ್ತುತ್ತಾರೆ. 1,930 ಮೀಟರ್ ಎತ್ತರ, ಮೇಲೆ ಗಾಳಿ ಕಿವಿಗೆ ಹೊಡೆಯುತ್ತದೆ. ಇಳಿದು ಬಂದವರು ಕೇಳುವುದು ಟೋಪಿ, ಮಫ್ಲರ್. ಹಾಸನದಲ್ಲಿ ಊರಿನವರೇ ಜಾಸ್ತಿ ಬರುತ್ತಾರೆ ಅಲ್ವಾ? ಅವರಿಗೆ ಕುಲಾವಿ, ಕಾಲುಚೀಲದ ಜೊತೆ, ಹಿರಿಯರ ಮಫ್ಲರ್. ಕೂಸಿಗೆ ಕೊಡುವುದರಲ್ಲಿ ಪೂರ್ತಿ ಕಪ್ಪು ಬೇಡ, ಮನೆಯ ಹಿರಿಯರು ಒಪ್ಪುವುದು ಕಷ್ಟ.

ಪ್ರತಿಯೊಂದಕ್ಕೂ ಅಳತೆ ಬರೆದ ಚೀಟಿ ಕಟ್ಟಿ. "ಚಿಕ್ಕದು, ದೊಡ್ಡದು" ಸಾಲದು. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ವರ್ಷದ ಮಗುವಿನದು 46ರ ಹತ್ತಿರ, ದೊಡ್ಡ ಹೆಂಗಸರದು 55ರಿಂದ 57. ಉಲ್ಲನ್ ಹಿಗ್ಗುವುದರಿಂದ ದೊಡ್ಡವರ ಟೋಪಿಯನ್ನು ಇದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆ ಹೆಣೆದರೆ ಸರಿಯಾಗಿ ಕೂರುತ್ತದೆ. ಕೂಸಿನದಕ್ಕೆ ಎರಡು ಸಾಕು. ಚೀಟಿಯಲ್ಲಿ ಯಾವ ವಯಸ್ಸು, ಯಾವ ಉಲ್ಲನ್, ಹೇಗೆ ತೊಳೆಯಬೇಕು, ಇಷ್ಟು ಇದ್ದರೆ ಸಾಕು. ಕನ್ನಡದಲ್ಲೇ ಬರೆಯಿರಿ.

ಮಳಿಗೆಗೆ ಒಂದು ಕನ್ನಡಿ ಒಯ್ಯಲು ಮರೆಯಬೇಡಿ. ಟೋಪಿ ತಲೆಗೆ ಹಾಕಿ ಕನ್ನಡಿ ನೋಡಿದವರು ತೆಗೆದಿಡುವುದು ಕಡಿಮೆ. ಟೋಪಿಗಳನ್ನು ಮೇಜಿನ ಮೇಲೆ ರಾಶಿ ಹಾಕಿದರೆ ಹಳೇ ಬಟ್ಟೆಯ ಹಾಗೆ ಕಾಣುತ್ತವೆ. ನಾನು ಸಂತೆಯಿಂದ ಸಣ್ಣ ಮಣ್ಣಿನ ಮಡಕೆಗಳನ್ನು ತಂದು, ಬೋರಲು ಹಾಕಿ, ಅವಕ್ಕೆ ತೊಡಿಸಿಡುತ್ತೇನೆ. ತೆಳು ಬಣ್ಣದವನ್ನು ಕವರಿನಲ್ಲಿಟ್ಟು ಒಂದೊಂದನ್ನು ಮಾತ್ರ ಮುಟ್ಟಿ ನೋಡಲು ಹೊರಗಿಡಿ, ಮೇಳದ ಧೂಳಿಗೆ ಬಿಳಿ ಒಂದು ದಿನವೂ ತಡೆಯುವುದಿಲ್ಲ. ಫೋನ್‌ಪೇ ಇದ್ದರೂ ಚಿಲ್ಲರೆ ಇಟ್ಟುಕೊಳ್ಳಿ. ಬೆಟ್ಟದ ಕಡೆ ನೆಟ್‌ವರ್ಕ್ ನಂಬಲಾಗದು.

ಮುಂದೆ ಸರ್ಕಾರದ ಮೇಳಗಳಿಗೂ ಹೋಗುವ ಯೋಚನೆ ಇದ್ದರೆ ಕೇಂದ್ರ ಜವಳಿ ಸಚಿವಾಲಯ ಕುಶಲಕರ್ಮಿಗಳಿಗೆ ಕೊಡುವ ಪೆಹಚಾನ್ ಗುರುತಿನ ಚೀಟಿಯ ಬಗ್ಗೆ ವಿಚಾರಿಸಿ. ಸ್ವಸಹಾಯ ಸಂಘದಲ್ಲಿದ್ದರೆ ಸರಸ್ ಮೇಳದ ದಾರಿಯೂ ಇದೆ.

"ಮಷಿನ್‌ದು ಇನ್ನೂರಕ್ಕೆ ಸಿಗುತ್ತೆ" ಅಂತ ಚೌಕಾಸಿ ಮಾಡುವವರು ಬಂದೇ ಬರುತ್ತಾರೆ. ವಾದಕ್ಕೆ ಇಳಿಯಬೇಡಿ. ನಾನು ಸುಮ್ನೆ ಟೋಪಿಯ ಒಳಮೈ ತಿರುವಿ ಅವರ ಕೈಗೆ ಕೊಡುತ್ತೇನೆ. ಒಂದು ಗಂಟೂ ಇಲ್ಲ, ಒಂದು ತುದಿಯೂ ಇಲ್ಲ. ಕೆಲವರು ಆಗಲೂ ಹೋಗುತ್ತಾರೆ. ಎಷ್ಟೋ ಜನ ಕೊಳ್ಳುತ್ತಾರೆ.

ಒಂದು ಸಣ್ಣ ನೋಟ್‌ಬುಕ್ ಜೊತೆಗಿರಲಿ. ಏನು ಮಾರಾಟವಾಯಿತು ಅನ್ನುವುದಕ್ಕಿಂತ, ಜನ ಕೇಳಿ ಸಿಗದೆ ಹೋದದ್ದನ್ನು ಬರೆದಿಡಿ. ನನ್ನ ಮೊದಲ ಮೇಳದಲ್ಲಿ ಒಬ್ಬ ತಾಯಿ ಬಂದು, ಬಾಣಂತಿ ಮಗಳಿಗೆ ಕಿವಿಯೂ ಕತ್ತೂ ಮುಚ್ಚುವ, ಮಲಗಿದರೆ ಒತ್ತದ ಮೆತ್ತನೆ ಟೋಪಿ ಇದೆಯಾ ಅಂತ ಕೇಳಿದರು. ಸ್ಕಾರ್ಫ್ ಕಟ್ಟಿದರೆ ರಾತ್ರಿ ಜಾರಿಹೋಗುತ್ತದಂತೆ. ನನ್ನ ಹತ್ತಿರ ಇರಲಿಲ್ಲ. ಅವತ್ತು ಬರೆದಿಟ್ಟೆ. ಈ ವರ್ಷದ ಡಬ್ಬದಲ್ಲಿ ಅಂಥ ಬಾಣಂತಿ ಟೋಪಿ ಹದಿನೆಂಟಿವೆ, ಮೂರು ಈಗಾಗಲೇ ಆರ್ಡರ್ ಆಗಿವೆ.