ಕುರಿ ಸಾಕಿದ್ದು ಯಾರು?

ನಮಸ್ಕಾರ. ಜಾನ್ ಮೆಕಾರ್ಥರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಆಸ್ಟ್ರೇಲಿಯಾದ ಉಣ್ಣೆ ವ್ಯಾಪಾರ ಬೆಳೆಸಿದವನು, ನ್ಯೂ ಸೌತ್ ವೇಲ್ಸ್ ಶಾಸನ ಪರಿಷತ್ತಿನಲ್ಲಿ ಕೂತವನು. ವಿಷಯ ಒಳ್ಳೆಯದು. ಬಂಗಾಳದ ಕುರಿಗಳಿಗೆ ಐರಿಷ್ ಟಗರು ಬಿಟ್ಟಾಗ ಮರಿಗಳ ಮೈಮೇಲೆ ಕೂದಲೂ ಉಣ್ಣೆಯೂ ಬೆರೆತು ಬಂತಲ್ಲ, ಆ ಭಾಗ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ.

ಆದರೆ ಮಾಡಿದವರು ಯಾರು ಅನ್ನೋದನ್ನೇ ಮುಚ್ಚಿಡುವ ಈ 'ಲಾಯಿತು' ಕಾಟ ನನ್ನ ಕೈಲಿ ತಡೆಯೋಕಾಗಲಿಲ್ಲ. ಎರಡನೇ ಪುಟ ತೆಗೆಯಿರಿ. 'ಕೌಪಾಸ್ಚರ್ಸ್‌ನಲ್ಲಿ 5,000 ಎಕರೆ ನೀಡಲಾಯಿತು.' ಕೊಡಿಸಿದ್ದು ಲಂಡನ್ನಿನ ಮಂತ್ರಿ ಲಾರ್ಡ್ ಕ್ಯಾಮ್ಡನ್. ಸಿಡ್ನಿ ಕಡೆಯ ಆ ನೆಲ ಅಲ್ಲಿನ ಮೂಲನಿವಾಸಿ ಧರಾವಲ್ ಜನರದ್ದು. ಅವರನ್ನು ಯಾರು ಕೇಳಿದರು?

ಕೆಳಗಿನ ಸಾಲು: 'ಗವರ್ನರ್ ಬ್ಲೈ ಅವರನ್ನು 1808ರಲ್ಲಿ ಕೆಳಗಿಳಿಸಲಾಯಿತು.' ಜನವರಿ 26ರ ಸಂಜೆ ಸೈನಿಕರು ಬ್ಯಾಂಡ್ ಬಾರಿಸುತ್ತಾ ಹೋಗಿ ಅವನನ್ನು ಹಿಡಿದರು. ಅವರನ್ನು ಎತ್ತಿಕಟ್ಟಿದವನು ನಿಮ್ಮ ಕಥಾನಾಯಕನೇ. ಅವನನ್ನೇ ವಾಕ್ಯದಿಂದ ಆಚೆ ಹಾಕಿದ್ದೀರಲ್ಲ!

ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ: 'ಅವರು ಇಂಗ್ಲೆಂಡಿನಲ್ಲಿದ್ದಾಗಲೂ ಮೆರಿನೊ ಕುರಿ ಹಿಂಡನ್ನು ಚೆನ್ನಾಗಿ ನೋಡಿಕೊಳ್ಳಲಾಯಿತು.' 1809ರಲ್ಲಿ ಹೋದವನು ವಾಪಸ್ ಬಂದದ್ದು 1817ರಲ್ಲಿ. ಎಂಟು ವರ್ಷ! ಅಷ್ಟೂ ದಿನ ಹಿಂಡು ನೋಡಿಕೊಂಡವಳು ಹೆಂಡತಿ ಎಲಿಜಬೆತ್. ಹೊಲ, ಆಳುಕಾಳು, ಹಡಗು ಹತ್ತಬೇಕಾದ ಉಣ್ಣೆ, ಎಲ್ಲ ಅವಳ ತಲೆಮೇಲೆ. ದುಡಿಯುತ್ತಿದ್ದವರಲ್ಲಿ ಜಾಸ್ತಿ ಜನ ಗಡೀಪಾರಾಗಿ ಬಂದ ಕೈದಿಗಳು. ನಿಮ್ಮ ಲೇಖನದಲ್ಲಿ ಎಲಿಜಬೆತ್ ಹೆಸರು ಒಂದೇ ಸಲ ಬರುತ್ತದೆ, ಅದೂ ಮದುವೆಯ ಸಾಲಿನಲ್ಲಿ.

ನಾನೂ ಹೀಗೇ ಬರೆಯುತ್ತಿದ್ದೆ ಬಿಡಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ 'ರಸ್ತೆ ಬದಿಯ ಮರ ಕಡಿಯಲಾಯಿತು' ಅಂತ ಸುದ್ದಿ ಕೊಟ್ಟೆ. ಹಿರಿಯ ಉಪಸಂಪಾದಕರು ಪಕ್ಕದಲ್ಲಿ ಕೆಂಪು ಪೆನ್ನಿಂದ 'ಕೊಡಲಿ ಯಾರ ಕೈಲಿತ್ತು?' ಅಂತ ಗೀಚಿ ವಾಪಸ್ ಕೊಟ್ಟರು. ಗೊಣಗಿಕೊಂಡೇ ಸೈಕಲ್ ಹತ್ತಿದೆ. ಕೊಡಲಿಯವನು ಅಲ್ಲೇ ದಿಮ್ಮಿ ಮೇಲೆ ಕೂತು ಟೀ ಕುಡಿಯುತ್ತಿದ್ದ. ಬೆಳಿಗ್ಗೆ ಹೋದಾಗಲೂ ಅಲ್ಲೇ ಇದ್ದನಂತೆ. ನಾನು ಮಾತಾಡಿಸಿರಲಿಲ್ಲ, ಅಷ್ಟೆ.

ಸದ್ಯ ಎರಡನೇ ಪುಟ ಮಾತ್ರ ತಿದ್ದಿ ಕಳಿಸಿ. ಶೀರ್ಷಿಕೆ ಆಮೇಲೆ ನೋಡೋಣ.